ಕೊರಳಲ್ಲಿ ಚೀಟಿ ಕಟ್ಟಿಕೊಂಡು ಬಂದ ಕರಡಿಮರಿ: ‘ಪ್ಯಾಡಿಂಗ್ಟನ್’

2014ರ ಈ ಸಿನಿಮಾವನ್ನು ಮಗಳ ಜೊತೆ ಮೊನ್ನೆ ಮತ್ತೆ ನೋಡಿದೆ. ಮೊದಲ ಸಲ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಬಾತ್‌ರೂಮಿನಲ್ಲಿ ನೀರು ತುಂಬಿ, ಕರಡಿಮರಿ ಟಬ್‌ನಲ್ಲಿ ಕೂತು ಮೆಟ್ಟಿಲ ಮೇಲಿಂದ ಜಾರಿ ಬರುತ್ತಲ್ಲ, ಅಲ್ಲಂತೂ ನಕ್ಕು ನಕ್ಕು ಸಾಕಾಯಿತು. ಈ ಸಲ ನನ್ನ ಗಮನ ಬೇರೆ ಕಡೆ ಹೋಯಿತು.

ಪೆರುವಿನ ಕಾಡಿನಲ್ಲಿ ಭೂಕಂಪವಾಗಿ ಮನೆ ಹಾಳಾಗುತ್ತದೆ, ಸಾಕಿದ ಮಾವ ಸಾಯುತ್ತಾನೆ. ಲೂಸಿ ಅತ್ತೆ ಮರಿಯನ್ನು ಯಾರಿಗೂ ತಿಳಿಯದಂತೆ ಲಂಡನ್ನಿಗೆ ಹೋಗುವ ಹಡಗು ಹತ್ತಿಸುತ್ತಾಳೆ. ಯುದ್ಧದ ಕಾಲದಲ್ಲಿ ಕೊರಳಿಗೆ ಚೀಟಿ ಕಟ್ಟಿಕೊಂಡು ರೈಲ್ವೆ ಸ್ಟೇಷನ್‌ಗಳಲ್ಲಿ ನಿಂತ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಗುರುತಿಲ್ಲದವರೇ ಮನೆಗೆ ಕರೆದುಕೊಂಡು ಹೋಗಿದ್ದರು, ಅವರು ಅದನ್ನು ಮರೆತಿರಲಾರರು ಅನ್ನುವುದು ಅವಳ ನಂಬಿಕೆ. ಮರಿ ಪ್ಯಾಡಿಂಗ್ಟನ್ ಸ್ಟೇಷನ್‌ನಲ್ಲಿ ಟೋಪಿ ಎತ್ತಿ ಒಬ್ಬೊಬ್ಬರಿಗೂ ನಮಸ್ಕಾರ ಹೇಳುತ್ತದೆ. ಯಾರೂ ನಿಲ್ಲುವುದಿಲ್ಲ. ಅದರ ನಿಜವಾದ ಹೆಸರು ಒಂದು ಗರ್ಜನೆ, ಅದಕ್ಕೆ ಮನುಷ್ಯರ ನಾಲಿಗೆ ಹೊರಳುವುದಿಲ್ಲ, ಹಾಗಾಗಿ ಕೊನೆಗೆ ಅದನ್ನು ಮನೆಗೆ ಕರೆದುಕೊಂಡು ಹೋಗುವ ಬ್ರೌನ್ ಮನೆಯವರು ಸ್ಟೇಷನ್ ಹೆಸರನ್ನೇ ಇಡುತ್ತಾರೆ. ‘ಅವ್ನಿಗೆ ಹೆಸ್ರು ಇತ್ತಲ್ವಾ ಅಮ್ಮಾ?’ ಅಂದಳು ಮಗಳು. ನನಗೆ ತಟ್ಟನೆ ಉತ್ತರ ಸಿಗಲಿಲ್ಲ.

ನನಗೆ ತುಂಬಾ ಇಷ್ಟವಾಗಿದ್ದು ಹಳೇ ಸಾಮಾನಿನ ಅಂಗಡಿಯ ಗ್ರೂಬರ್ ಅವರ ಜೊತೆಗಿನ ಗೆಳೆತನ. ಅಂಗಡಿ ತುಂಬ ಓಡಾಡುವ ಪುಟ್ಟ ಆಟಿಕೆ ರೈಲು ತಿಂಡಿ ಹೊತ್ತು ತರುತ್ತದೆ. ಅದನ್ನು ನೋಡುತ್ತಾ ನೋಡುತ್ತಾ ಆ ಮುದುಕರು ತಾವೂ ಚಿಕ್ಕವರಿದ್ದಾಗ ತಮ್ಮ ದೇಶ ಬಿಟ್ಟು ಹೀಗೇ ರೈಲಿನಲ್ಲಿ ಬಂದಿದ್ದನ್ನು ಹೇಳುತ್ತಾರೆ. ಮೈ ಬೇಗ ಬಂದುಬಿಟ್ಟಿತಂತೆ, ಮನಸ್ಸು ಬಂದು ಸೇರಲು ಇನ್ನಷ್ಟು ಹೊತ್ತು ಹಿಡಿಯಿತಂತೆ. ಅಷ್ಟೇ ಮಾತು. 1938–39ರಲ್ಲಿ ಜರ್ಮನಿ, ಆಸ್ಟ್ರಿಯಾ ಕಡೆಯಿಂದ ಸುಮಾರು 10,000 ಮಕ್ಕಳು, ಹೆಚ್ಚಿನವರು ಯಹೂದಿಗಳು, ಅಪ್ಪ ಅಮ್ಮನನ್ನು ಬಿಟ್ಟು ಬ್ರಿಟನ್ನಿಗೆ ಬಂದರು. ಎಷ್ಟೋ ಮಕ್ಕಳಿಗೆ ಹೆತ್ತವರು ಮತ್ತೆ ಸಿಗಲೇ ಇಲ್ಲ. ಇದು ಗೊತ್ತಿದ್ದರೆ ಆ ರೈಲು ಆಟಿಕೆಯಾಗಿ ಉಳಿಯುವುದಿಲ್ಲ. ಗೊತ್ತಿಲ್ಲದ ಮಗುವಿಗೂ, ಒಂಟಿಯಾಗಿ ಬಂದವನಿಗೆ ಒಂಟಿಯಾಗಿ ಬಂದ ಇನ್ನೊಬ್ಬರು ಸಿಕ್ಕರು ಅನ್ನುವುದು ಅರ್ಥವಾಗುತ್ತದೆ.

ಬೇಜಾರಾಗಿದ್ದು ಒಂದೇ. ಕರಡಿಯನ್ನು ಕೊಂದು, ಹುಲ್ಲು ತುಂಬಿ ಮ್ಯೂಸಿಯಂನಲ್ಲಿಡಲು ಹೊರಟ ಹೆಂಗಸಿನ ಕಥೆಗೆ ಜಾಸ್ತಿ ಹೊತ್ತು ಕೊಟ್ಟಿದ್ದಾರೆ. ನಿಕೋಲ್ ಕಿಡ್‌ಮನ್ ಚೆನ್ನಾಗಿಯೇ ಹೆದರಿಸುತ್ತಾರೆ, ಮಗಳು ನನ್ನ ಸೆರಗು ಬಿಡಲಿಲ್ಲ. ಆದರೆ ಆ ಓಟ, ಬೆನ್ನಟ್ಟುವಿಕೆ ಎಲ್ಲ ಸಿನಿಮಾಗಳಲ್ಲೂ ಇರುತ್ತೆ. ಅದರಲ್ಲಿ ಐದು ನಿಮಿಷ ತೆಗೆದು ಗ್ರೂಬರ್‌ಗೆ ಕೊಡಬೇಕಿತ್ತು.

ಒಂದೂವರೆ ಗಂಟೆಯ ಸಿನಿಮಾ. ಪುಟ್ಟ ಮಕ್ಕಳಿದ್ದರೆ ಪಕ್ಕದಲ್ಲೇ ಕೂತಿರಿ. ಗ್ರೂಬರ್ ಅಂಗಡಿ ಬಂದಾಗ ಫೋನ್ ಕೆಳಗಿಡಿ, ಆ ದೃಶ್ಯ ಬೇಗ ಮುಗಿದುಹೋಗುತ್ತೆ.