ಮಾಡರೇಟರ್ ಟೂಲ್‌ಬಾಕ್ಸ್: ರೆಡ್ಡಿಟ್ ಸಮುದಾಯ ನೋಡಿಕೊಳ್ಳುವವರ ಆಸರೆ (5ಕ್ಕೆ 4)

ಈ ಉಚಿತ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಲು ಯೂಸರ್‌ನೋಟ್ಸ್, ಅಂದರೆ ಬಳಕೆದಾರರ ಬಗ್ಗೆ ಬರೆದಿಡುವ ಟಿಪ್ಪಣಿಗಳು, ಒಂದೇ ಕಾರಣ ಸಾಕು. ಬಳಕೆದಾರರ ಹೆಸರಿನ ಪಕ್ಕದ ಬಟನ್ ಒತ್ತಿ, ಸ್ಪ್ಯಾಮ್, ನಿಂದನೆ, ಬ್ಯಾನ್ ಮುಂತಾದ ಬಗೆಗಳಲ್ಲಿ ಒಂದನ್ನು ಆರಿಸಿ, ಒಂದು ಸಾಲು ಬರೆದು ಉಳಿಸಿದರೆ ಟೂಲ್‌ಬಾಕ್ಸ್ ಬಳಸುವ ಸಹ ಮಾಡರೇಟರ್‌ಗಳಿಗೆಲ್ಲ ಕಾಣುತ್ತದೆ. ಆರು ತಿಂಗಳ ನಂತರ ಅದೇ ವ್ಯಕ್ತಿ ಮತ್ತೆ ಜಗಳ ತೆಗೆದಾಗ ಹಿಂದೆ ಏನು ಎಚ್ಚರಿಕೆ ಕೊಟ್ಟಿದ್ದೆವೆಂದು ಮಾಡ್‌ಮೇಲ್ (ಮಾಡರೇಟರ್‌ಗಳ ಸಂದೇಶ ಪೆಟ್ಟಿಗೆ) ಕೆದಕಬೇಕಿಲ್ಲ.

ನೋಟ್ಸ್ ಎಲ್ಲ ಆ ಸಬ್‌ರೆಡ್ಡಿಟ್‌ನ (ರೆಡ್ಡಿಟ್ ಸಮುದಾಯದ) ವಿಕಿಯ ಒಂದು ಪುಟದಲ್ಲಿ ಸಂಕುಚಿತ ರೂಪದಲ್ಲಿ ಕೂತಿರುತ್ತವೆ. ತೊಡಕುಗಳ ಮೂಲವೂ ಇದೇ. ಹೊಸ ಮಾಡರೇಟರ್‌ಗೆ ವಿಕಿ ಅನುಮತಿ ಕೊಡದಿದ್ದರೆ ನೋಟ್ ಉಳಿಯುವುದಿಲ್ಲ. ವಿಕಿ ಪುಟದ ಗಾತ್ರಕ್ಕೆ ಮಿತಿಯಿರುವುದರಿಂದ ದೊಡ್ಡ ಸಮುದಾಯಗಳಲ್ಲಿ ಅದು ತುಂಬುತ್ತದೆ. ಹಳೆಯ ಮತ್ತು ಅಳಿಸಿಹೋದ ಖಾತೆಗಳ ನೋಟ್ಸ್ ಆಗಾಗ ತೆಗೆಯಬೇಕು. ಪುಟ ಮಾಡರೇಟರ್‌ಗಳಿಗೆ ಮಾತ್ರ ತೆರೆದಿದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ.

ಪೋಸ್ಟ್ ತೆಗೆಯುವಾಗ ಕಾರಣದ ಸಿದ್ಧ ಪಠ್ಯ ತಾನಾಗಿ ಕಮೆಂಟ್ ಆಗುವುದು, ಕ್ಯೂನಲ್ಲಿ (ಪರಿಶೀಲನೆಗೆ ಕಾದಿರುವವುಗಳ ಪಟ್ಟಿಯಲ್ಲಿ) ಹಲವನ್ನು ಒಟ್ಟಿಗೆ ಆರಿಸಿ ತೆಗೆಯುವುದು, ಹದಗೆಟ್ಟ ಇಡೀ ಕಮೆಂಟ್ ಸರಣಿಯನ್ನು ಒಂದೇ ಸಲ ಅಳಿಸುವುದು, ಎಲ್ಲವೂ ಚೆನ್ನಾಗಿವೆ. ಹಳೆಯ ರೆಡ್ಡಿಟ್ ವಿನ್ಯಾಸದಲ್ಲೇ ಬಳಸಿ, ಅಲ್ಲಿ ಹೆಚ್ಚು ಸಲೀಸು.

ಕನ್ನಡ ಪೋಸ್ಟ್‌ಗಳಿಗೆ ಬೇಕಾದ ಒಂದು ಮಾತು ನಿಯಮ ಕೊಟ್ಟರೆ ಪೋಸ್ಟ್‌ಗಳನ್ನು ತಾನೇ ಸೋಸುವ ರೆಡ್ಡಿಟ್‌ನ ಆಟೋಮಾಡರೇಟರ್ ಬಗ್ಗೆ. ಅದು ಸಾಮಾನ್ಯವಾಗಿ ಹುಡುಕುವುದು ಇಡೀ ಪದವನ್ನು. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟುವುದರಿಂದ 'ಮಾರಾಟ' ಎಂದು ಕೊಟ್ಟರೆ 'ಮಾರಾಟಕ್ಕಿದೆ' ತಪ್ಪಿಸಿಕೊಳ್ಳಬಹುದು. ಪದದ ಒಳಗೂ ಹುಡುಕುವಂತೆ ನಿಯಮದಲ್ಲಿ ಇನ್‌ಕ್ಲೂಡ್ಸ್ (includes) ಸೇರಿಸಿ. ಇಂಗ್ಲಿಷ್ ಲಿಪಿಯಲ್ಲಿ ಬರೆಯುವವರಿಗಾಗಿ ಎರಡು ಮೂರು ಕಾಗುಣಿತಗಳನ್ನೂ ಕೊಡಿ.

ಒಂದು ಅಂಕ ಕಳೆದದ್ದು ಫೋನಿಗಾಗಿ. ರೆಡ್ಡಿಟ್‌ನ ಅಧಿಕೃತ ಆಪ್‌ನಲ್ಲಿ ಟೂಲ್‌ಬಾಕ್ಸ್ ಇಲ್ಲ, ಅದರ ನೋಟ್ಸ್ ಕೂಡ ಕಾಣುವುದಿಲ್ಲ. ಅಪೋಲೊ, ರಿಫ್, ಸಿಂಕ್‌ನಂಥ ಹೊರಗಿನವರ ಆಪ್‌ಗಳಲ್ಲಿ ಎಷ್ಟೋ ಮಾಡರೇಟರ್‌ಗಳು ಫೋನಿನಿಂದಲೇ ಕ್ಯೂ ನಿಭಾಯಿಸುತ್ತಿದ್ದರು. 2023ರಲ್ಲಿ ರೆಡ್ಡಿಟ್ ತನ್ನ ಎಪಿಐಗೆ (ಹೊರಗಿನ ಆಪ್‌ಗಳು ರೆಡ್ಡಿಟ್‌ನಿಂದ ಮಾಹಿತಿ ಪಡೆಯುವ ದಾರಿಗೆ) ಸಾವಿರ ಕರೆಗಳಿಗೆ 0.24 ಡಾಲರ್ ಬೆಲೆ ಕಟ್ಟಿತು. ಅಪೋಲೊ ರೂಪಿಸಿದ ಕ್ರಿಶ್ಚಿಯನ್ ಸೆಲಿಗ್ ಹಾಕಿದ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್. ಜೂನ್ 12ರಿಂದ ಸಾವಿರಾರು ಸಬ್‌ರೆಡ್ಡಿಟ್‌ಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದರೂ ಆ ತಿಂಗಳ ಕೊನೆಗೆ ಈ ಆಪ್‌ಗಳು ನಿಂತುಹೋದವು. ಅಂಧ ಬಳಕೆದಾರರು ದನಿಯೆತ್ತಿದ ಮೇಲೆ ಅವರಿಗೆ ಅನುಕೂಲವಾದ ರೆಡ್‌ರೀಡರ್, ಡಿಸ್ಟೋಪಿಯಾದಂಥ ಆಪ್‌ಗಳಿಗೆ ಈ ಬೆಲೆಯಿಂದ ವಿನಾಯಿತಿ ಸಿಕ್ಕಿತು. ಕೂಲಿಯಿಲ್ಲದೆ ದುಡಿಯುವವರ ಉಪಕರಣವನ್ನು ಹೀಗೆ ಕಿತ್ತುಕೊಂಡದ್ದು ಅನ್ಯಾಯವೇ.

ಟೂಲ್‌ಬಾಕ್ಸ್ ಆಗ ಉಳಿಯಿತು. ಆದರೂ ಅದನ್ನೊಂದನ್ನೇ ನಂಬಬೇಡಿ. ಬ್ಯಾನ್‌ನಂಥ ಮುಖ್ಯ ವಿಷಯಗಳನ್ನು ರೆಡ್ಡಿಟ್‌ನದೇ ಮಾಡ್ ನೋಟ್ಸ್‌ನಲ್ಲೂ ಚುಟುಕಾಗಿ ಬರೆದಿಡಿ, ಅವು ಫೋನಿನಲ್ಲೂ ಕಾಣುತ್ತವೆ. ನೋಟ್ಸ್ ಪುಟ ಕೆಟ್ಟರೆ ಗಾಬರಿ ಬೇಡ: ವಿಕಿಯ ಹಿಸ್ಟರಿ ತೆರೆದು, ಸರಿಯಿದ್ದ ಹಿಂದಿನ ಆವೃತ್ತಿಗೆ ರಿವರ್ಟ್ ಮಾಡಿ, ಪುಟ ರಿಫ್ರೆಶ್ ಮಾಡಿ.