ಟ್ಯಾಬಿಕ್ಯಾಟ್ ವಿಮರ್ಶೆ: ಚರ್ಚಾಸ್ಪರ್ಧೆಗೆ ಸೈ, ಭಾಷಣ ಸ್ಪರ್ಧೆಗೆ ಬೇಡ

ಹೈಸ್ಕೂಲು ಮಕ್ಕಳ ಚರ್ಚಾಸ್ಪರ್ಧೆಯಲ್ಲಿ ತಂಡಗಳ ಸಂಖ್ಯೆ ಇಪ್ಪತ್ತು ದಾಟಿತೋ, ಎಕ್ಸೆಲ್ ಹಾಳೆ ಕೈಕೊಡಲು ಶುರು. ಎರಡನೇ ಸುತ್ತಿನವರೆಗೆ ಹೇಗೋ ಸಾಗುತ್ತದೆ. ಮೂರನೆಯದಕ್ಕೆ ಯಾರ ಎದುರು ಯಾರು ಆಗಲೇ ಮಾತಾಡಿದ್ದಾರೆ, ಯಾವ ತಂಡಕ್ಕೆ ಎರಡು ಸಲವೂ ‘ಪರ’ವೇ ಬಂದಿದೆ, ಯಾವ ತೀರ್ಪುಗಾರರು ಯಾವ ಶಾಲೆಯವರು ಎಂದು ಹುಡುಕುತ್ತಾ ಕೂತರೆ ಮಕ್ಕಳು ವರಾಂಡದಲ್ಲಿ ಮುಕ್ಕಾಲು ಗಂಟೆ ಕಾಯಬೇಕಾಗುತ್ತದೆ. ಟ್ಯಾಬಿಕ್ಯಾಟ್ ಈ ಕೆಲಸಕ್ಕೆಂದೇ ಇರುವ ಮುಕ್ತ ತಂತ್ರಾಂಶ. ಡ್ರಾ (ಯಾರ ಎದುರು ಯಾರು ಎಂಬ ಪಟ್ಟಿ) ಹಾಕುವುದು, ತೀರ್ಪುಗಾರರನ್ನು ಹಂಚುವುದು, ಅಂಕಪಟ್ಟಿ ಕೂಡಿಸುವುದು ಎಲ್ಲವೂ ಬ್ರೌಸರಿನಲ್ಲೇ ಆಗುತ್ತದೆ.

ತಂತ್ರಾಂಶಕ್ಕೆ ದುಡ್ಡಿಲ್ಲ, ಅದನ್ನು ಇಡುವ ಸರ್ವರಿಗೆ ಇದೆ. ಹೆರೋಕು ಎಂಬ ಕ್ಲೌಡ್ ಸೇವೆಯಲ್ಲಿ ಪುಕ್ಕಟೆ ಇಡಬಹುದು ಎಂದು ಹೇಳುವ ಹಳೆಯ ಮಾರ್ಗದರ್ಶಿಗಳನ್ನು ನಂಬಬೇಡಿ, ಆ ಉಚಿತ ಯೋಜನೆ 2022ರ ನವೆಂಬರಿನಲ್ಲೇ ನಿಂತಿದೆ. ತಂತ್ರಾಂಶಗಳನ್ನು ಸಿದ್ಧ ಪೊಟ್ಟಣವಾಗಿ ಓಡಿಸುವ ಡಾಕರ್ ಮೂಲಕ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು, ಆದರೆ ಆಗ ಅದೇ ವೈಫೈಯಲ್ಲಿರುವ ಫೋನುಗಳಿಗೆ ಮಾತ್ರ ಸಿಗುತ್ತದೆ. ಸರ್ವರ್ ಗೊಡವೆಯೇ ಬೇಡ ಎನ್ನುವವರಿಗೆ ಕ್ಯಾಲಿಕೋ ಎಂಬ ಹಣ ಕೊಟ್ಟು ಪಡೆಯುವ ಸೇವೆ ಇದೆ. ಕಂಪ್ಯೂಟರ್ ಬಲ್ಲವರು ತಂಡದಲ್ಲಿ ಇಲ್ಲದಿದ್ದರೆ ಅದೇ ವಾಸಿ.

ಸ್ಪರ್ಧೆ ಸೃಷ್ಟಿಸಿದ ಮೇಲೆ ನಿಯಮಗಳ ಸಿದ್ಧ ಕಟ್ಟು ಆರಿಸಬೇಕು. ವಿಶ್ವ ಶಾಲಾ ಚರ್ಚಾ ಮಾದರಿಯ ಕಟ್ಟು ಅದರಲ್ಲಿದೆ: ತಂಡಕ್ಕೆ ಮೂವರು ಭಾಷಣಕಾರರು, ಕೊನೆಗೊಂದು ಉತ್ತರ ಭಾಷಣ, ಮುಖ್ಯ ಭಾಷಣಕ್ಕೆ 60ರಿಂದ 80 ಅಂಕ, ಉತ್ತರ ಭಾಷಣಕ್ಕೆ ಅದರ ಅರ್ಧ. ಕಟ್ಟು ಹಾಕಿದೊಡನೆ ಮುಗಿಯಿತು ಅಂದುಕೊಳ್ಳಬೇಡಿ. ನಿಮ್ಮ ನಿಯಮಪುಸ್ತಕದಲ್ಲಿ ಅರ್ಧ ಅಂಕ ಕೊಡಬಹುದೇ, ಭಿನ್ನಮತದ ತೀರ್ಪುಗಾರರ ಅಂಕ ಸರಾಸರಿಗೆ ಸೇರುತ್ತದೆಯೇ ಎಂಬುದನ್ನು ಮೊದಲ ಸುತ್ತಿಗೆ ಮುಂಚೆಯೇ ಹೊಂದಿಸಿಡಿ. ನಡುವೆ ಬದಲಿಸಿದರೆ ಶ್ರೇಯಾಂಕವೂ ಅದಲುಬದಲಾಗಿ ಶಿಕ್ಷಕರು ಅಂಕ ಲೆಕ್ಕ ಹಾಕುವ ಟ್ಯಾಬ್ ಕೋಣೆಯ ಬಾಗಿಲು ತಟ್ಟುತ್ತಾರೆ.

ಶಾಲೆಗಳ ಪಟ್ಟಿಯನ್ನು ಸಾಲಿಗೊಂದರಂತೆ, ಪೂರ್ತಿ ಹೆಸರು, ಅಲ್ಪವಿರಾಮ, ಚಿಕ್ಕ ಹೆಸರು ಎಂಬ ಕ್ರಮದಲ್ಲಿ ಅಂಟಿಸಿದರೆ ಸಾಕು. ಹೆಚ್ಚಿನ ಎಡವಟ್ಟು ಆಗುವುದೂ ಇಲ್ಲೇ. ಒಂದೇ ಶಾಲೆಯನ್ನು ಎರಡು ಕಾಗುಣಿತದಲ್ಲಿ ಸೇರಿಸಿದರೆ ತಂತ್ರಾಂಶದ ಕಣ್ಣಿಗೆ ಅವು ಎರಡು ಶಾಲೆಗಳು. ಆ ಶಾಲೆಯ ಎರಡು ತಂಡಗಳು ಪರಸ್ಪರ ಎದುರಾಗುತ್ತವೆ. ಅಲ್ಲಿನ ಶಿಕ್ಷಕರೇ ತಮ್ಮ ಮಕ್ಕಳಿಗೆ ತೀರ್ಪುಗಾರರಾಗಿ ಕೂರುತ್ತಾರೆ. ಪ್ರತಿ ತಂಡಕ್ಕೂ ಒಂದೊಂದು ಇಮೋಜಿ ತಾನಾಗಿ ಸಿಗುತ್ತದೆ. ಕೆಲಸಕ್ಕೆ ಬಾರದ ಅಲಂಕಾರ ಅನ್ನಿಸಬಹುದು, ಆದರೆ ಗೋಡೆಯ ಪರದೆಯಲ್ಲಿ ಮಕ್ಕಳ ಕಣ್ಣು ತಮ್ಮ ತಂಡವನ್ನು ಪತ್ತೆಹಚ್ಚುವುದು ಅದರಿಂದಲೇ.

ಪ್ರತಿ ಸುತ್ತಿಗೂ ಯಾವ ತಂಡ, ಯಾವ ತೀರ್ಪುಗಾರರು, ಯಾವ ಕೋಣೆ ಲಭ್ಯ ಎಂದು ಗುರುತು ಹಾಕಬೇಕು. ಎರಡು ತಂಡಗಳ ನಡುವಿನ ಚರ್ಚೆಗೆ ತಂಡಗಳು ಬೆಸಸಂಖ್ಯೆಯಲ್ಲಿದ್ದರೆ ಜೋಡಿ ಸರಿಹೊಂದುವುದಿಲ್ಲ. ಹಾಗಾಗಿ ಖಾಲಿ ಜಾಗ ತುಂಬುವ ಒಂದು ಬದಲಿ ತಂಡವನ್ನು ಮೊದಲೇ ನೋಂದಾಯಿಸಿ, ಬೇಕಾದಾಗ ಮಾತ್ರ ಲಭ್ಯವೆಂದು ತೋರಿಸುವುದು ಜಾಣತನ.

ಈ ತಂತ್ರಾಂಶದ ನಿಜವಾದ ಕಸುಬು ಡ್ರಾ. ಬಲಾಬಲ ನೋಡಿ ಜೋಡಿ ಹಾಕುವ ಪದ್ಧತಿಯಲ್ಲಿ ಸಮಾನ ಗೆಲುವಿನ ತಂಡಗಳನ್ನು ಒಂದು ಗುಂಪಿಗೆ ಹಾಕಿ ಅವುಗಳ ನಡುವೆ ಜೋಡಿ ಮಾಡಲಾಗುತ್ತದೆ. 24 ತಂಡಗಳನ್ನು ತೆಗೆದುಕೊಳ್ಳಿ. ಮೂರು ಸುತ್ತು ಮುಗಿದಾಗ ಮೂರು ಗೆಲುವಿನವು 3, ಎರಡರವು 9, ಒಂದರವು 9, ಸೊನ್ನೆಯವು 3. ಎಲ್ಲ ಗುಂಪೂ ಬೆಸ! ಮೇಲಿನ ಗುಂಪಿಗೆ ಎರಡನೆಯದರಿಂದ ಒಂದು ತಂಡ ಏರಬೇಕು, ಮೂರನೆಯದಕ್ಕೆ ಕೊನೆಯದರಿಂದ ಒಂದು. ಆಗ 4, 8, 10, 2 ಆಗುತ್ತದೆ. ಹೀಗೆ ಮೇಲೇರುವ ತಂಡ ಗುಂಪಿನ ತುದಿಯದೋ, ತಳದ್ದೋ, ಚೀಟಿ ಎತ್ತಿದಂತೆ ಯಾವುದೋ ಒಂದೋ ಎಂಬುದನ್ನು ನೀವೇ ಆರಿಸಬಹುದು. ಗುಂಪಿನೊಳಗೆ ಮಡಿಕೆ ಕ್ರಮ ಹಾಕಿದರೆ ಎಂಟು ತಂಡಗಳಲ್ಲಿ ಒಂದನೆಯದು ಎಂಟನೆಯದರ ಎದುರು, ಜಾರು ಕ್ರಮದಲ್ಲಿ ಐದನೆಯದರ ಎದುರು. ಒಂದೇ ಶಾಲೆಯ ಜೋಡಿ ಅಥವಾ ಹಿಂದೆ ಎದುರಾಗಿದ್ದ ಜೋಡಿ ಬಂದರೆ ಅಕ್ಕಪಕ್ಕದ ಜೋಡಿಯೊಂದಿಗೆ ಅದಲುಬದಲು ಮಾಡಿ, ಹಾಗೆ ಮಾಡಿದ್ದನ್ನು ಡ್ರಾ ಪುಟದಲ್ಲೇ ತೋರಿಸುತ್ತದೆ. ‘ನಮಗೇ ಯಾಕೆ ಗಟ್ಟಿ ಎದುರಾಳಿ?’ ಎಂದು ಜಗಳಕ್ಕೆ ಬಂದವರಿಗೆ ಆ ಪುಟ ತೋರಿಸಿದರೆ ವಾದ ಅಲ್ಲಿಗೇ ನಿಲ್ಲುತ್ತದೆ. ಇದೊಂದಕ್ಕೇ ಪೂರ್ತಿ ಅಂಕ ಕೊಡಬಹುದು.

ತೀರ್ಪುಗಾರರ ಸ್ವಯಂ ಹಂಚಿಕೆ ಅಷ್ಟು ಸರಾಗವಲ್ಲ. ಪ್ರತಿಯೊಬ್ಬ ತೀರ್ಪುಗಾರರಿಗೂ ಅವರ ಸಾಮರ್ಥ್ಯ ತೋರುವ ಅಂಕವೊಂದನ್ನು ಮೊದಲೇ ಕೊಟ್ಟಿರಬೇಕು. ಕನಿಷ್ಠ ಮಿತಿಗಿಂತ ಕೆಳಗಿರುವವರನ್ನು ಅದು ಮತ ಹಾಕುವ ಸ್ಥಾನಕ್ಕೆ ಕೂರಿಸುವುದಿಲ್ಲ. ಹೊಸಬರು ಎಲ್ಲರಿಗೂ ಸೊನ್ನೆ ಬಿಟ್ಟು ಬಟನ್ ಒತ್ತುತ್ತಾರೆ, ಯಾರನ್ನೂ ಹಂಚದಿದ್ದರೆ ತಂತ್ರಾಂಶ ಕೆಟ್ಟಿದೆ ಎನ್ನುತ್ತಾರೆ. 12 ಚರ್ಚೆಗೆ 12 ತೀರ್ಪುಗಾರರು ಲೆಕ್ಕಕ್ಕೆ ಸರಿ. ಆದರೆ ಸ್ವಂತ ಶಾಲೆಯ ನಿರ್ಬಂಧ ಇರುವುದರಿಂದ ಮೂರ್ನಾಲ್ಕು ಮಂದಿ ಹೆಚ್ಚಿಗೆ ಬೇಕೇಬೇಕು.

ಅಂಕಗಳನ್ನು ತೀರ್ಪುಗಾರರು ತಮ್ಮ ಖಾಸಗಿ ಕೊಂಡಿಯಿಂದ ಫೋನಿನಲ್ಲೇ ತುಂಬಬಹುದು. ತಪ್ಪು ಹಿಡಿಯುವುದರಲ್ಲಿ ತಂತ್ರಾಂಶ ಚುರುಕು: ಉತ್ತರ ಭಾಷಣಕ್ಕೆ 72 ಹಾಕಿದರೆ ಒಪ್ಪುವುದಿಲ್ಲ, ಎರಡೂ ತಂಡದ ಮೊತ್ತ ಸಮನಾದರೆ ಒಪ್ಪುವುದಿಲ್ಲ, ಮೂರನೇ ಭಾಷಣಕಾರರೇ ಉತ್ತರ ಭಾಷಣ ಮಾಡಿದರೆಂದರೂ ಒಪ್ಪುವುದಿಲ್ಲ. ಕಾಗದದ ಬ್ಯಾಲಟ್ (ತೀರ್ಪುಗಾರರ ಅಂಕಪತ್ರ) ಆದರೆ ಒಬ್ಬರು ತುಂಬಿ ಇನ್ನೊಬ್ಬರು ಖಚಿತಪಡಿಸುವ ವ್ಯವಸ್ಥೆ ಇದೆ. ಆತುರದಲ್ಲಿ ಒಬ್ಬರೇ ಎರಡನ್ನೂ ಮಾಡಿದರೆ ಅದರ ಉದ್ದೇಶವೇ ಹಾಳು.

ಭಾಷಣಕಾರರ ಪಟ್ಟಿಯಲ್ಲಿ ಎರಡು ವಿಷಯ ನೋಡಿಕೊಳ್ಳಿ. ವಿಶ್ವ ಶಾಲಾ ಮಾದರಿಯಲ್ಲಿ ತಂಡದಲ್ಲಿ ಐವರವರೆಗೆ ಇರಬಹುದು, ಪ್ರತಿ ಚರ್ಚೆಯಲ್ಲಿ ಮೂವರೇ ಮಾತಾಡುತ್ತಾರೆ. ಎಷ್ಟು ಚರ್ಚೆ ತಪ್ಪಿಸಿದರೆ ಹೆಸರು ಪಟ್ಟಿಯಿಂದ ಬೀಳುತ್ತದೆ ಎಂಬ ಮಿತಿ ಬಿಗಿಯಾಗಿದ್ದರೆ ಸರದಿಯಂತೆ ಹೊರಗೆ ಕೂತ ಒಳ್ಳೆಯ ಮಾತುಗಾರರೇ ಕಾಣೆಯಾಗುತ್ತಾರೆ. ಇನ್ನೊಂದು, ಹೆಸರು ಮುಚ್ಚಿಡುವ ಸೌಲಭ್ಯ. ಸಾರ್ವಜನಿಕ ಪುಟದಲ್ಲಿ ಅಪ್ರಾಪ್ತ ಮಕ್ಕಳ ಹೆಸರು, ಶಾಲೆ, ಅಂಕ ಮೂರೂ ಒಟ್ಟಿಗೆ ಕಾಣುವುದರಿಂದ ಪೋಷಕರ ಒಪ್ಪಿಗೆ ನೋಂದಣಿಯ ಹೊತ್ತಿಗೇ ಬರೆಸಿಕೊಳ್ಳಿ.

ಗಡಿಯಾರ ಇದರ ಕೆಲಸವಲ್ಲ. ಎಂಟು ನಿಮಿಷದ ಆರು ಭಾಷಣ, ನಾಲ್ಕು ನಿಮಿಷದ ಎರಡು ಉತ್ತರ ಭಾಷಣ ಸೇರಿ 56 ನಿಮಿಷ. ಸ್ಥಳದಲ್ಲೇ ಕೊಡುವ ವಿಷಯಕ್ಕೆ ಒಂದು ಗಂಟೆ ಸಿದ್ಧತೆ, ತೀರ್ಪಿಗೆ ಅರ್ಧ ಗಂಟೆ. ಸುತ್ತಿಗೆ ಎರಡೂವರೆ ಗಂಟೆ ಹಿಡಿಯಿರಿ.

ಆಶುಭಾಷಣ, ಸ್ವರಚಿತ ಭಾಷಣದಂಥ ವೈಯಕ್ತಿಕ ಸ್ಪರ್ಧೆಗಳಿಗೆ ಮಾತ್ರ ಟ್ಯಾಬಿಕ್ಯಾಟ್ ಹೊಂದುವುದಿಲ್ಲ. ಅಲ್ಲಿ ಒಂದು ಕೋಣೆಯಲ್ಲಿ ಐದಾರು ಮಕ್ಕಳು ಸರದಿಯಲ್ಲಿ ಮಾತಾಡಿ, ತೀರ್ಪುಗಾರರು ಒಂದು, ಎರಡು, ಮೂರು ಎಂದು ಸ್ಥಾನ ಕೊಡುತ್ತಾರೆ. ಎದುರಾಳಿ ತಂಡ ಎಂಬುದೇ ಇಲ್ಲ. ಅದಕ್ಕೆ ಅಮೆರಿಕದ ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್ ನಡೆಸುವ ಟ್ಯಾಬ್‌ರೂಮ್ ಸರಿ. ಭಾಷಣ, ಚರ್ಚೆ ಎರಡನ್ನೂ ಒಂದೇ ಕಡೆ ನಿಭಾಯಿಸುತ್ತದೆ. ಚರ್ಚೆಯನ್ನು ಟ್ಯಾಬಿಕ್ಯಾಟಿನಲ್ಲಿ, ಭಾಷಣವನ್ನು ಬೇರೆಡೆ ನಡೆಸುವುದಾದರೆ ಎರಡಕ್ಕೂ ಬೇರೆ ಬೇರೆ ಹೊತ್ತು ಗೊತ್ತುಮಾಡಿ. ಎರಡರಲ್ಲೂ ಹೆಸರು ಕೊಟ್ಟ ಹುಡುಗಿ ಆಶುಭಾಷಣದ ಕೋಣೆಯಲ್ಲಿದ್ದಾಳೆಂದು ಟ್ಯಾಬಿಕ್ಯಾಟಿಗೆ ಗೊತ್ತಿರುವುದಿಲ್ಲ, ಅದು ಅವಳ ತಂಡಕ್ಕೆ ಅದೇ ಹೊತ್ತಿಗೆ ಚರ್ಚೆ ಹಾಕಿಬಿಡುತ್ತದೆ.