ಹಳೆ ಮನೆಯ ಕ್ರಾಲ್‌ಸ್ಪೇಸ್: ‘ಉಚಿತ ತಪಾಸಣೆ’ಯವರಿಂದ ದೂರ ಇರಿ

ನಾರ್ತ್ ಕ್ಯಾರೊಲೈನಾದ ಡರ್ಹಮ್, ರಾಲೀ ಕಡೆ ಹಳೆ ಮನೆ ತೆಗೆದುಕೊಂಡಿರುವ ಕನ್ನಡದವರು ದಯವಿಟ್ಟು ಇದನ್ನು ಓದಿ. ರಿಪೇರಿ ಮಾರುವ ಕಂಪನಿಯವರಿಂದಲೇ ಕ್ರಾಲ್‌ಸ್ಪೇಸ್ (ಮನೆಯ ನೆಲದ ಕೆಳಗಿನ ಖಾಲಿ ಜಾಗ) ತಪಾಸಣೆ ಮಾಡಿಸಬೇಡಿ.

ನಮ್ಮ ಕಡೆ ತಳಪಾಯದೊಳಗೆ ಮಣ್ಣು ತುಂಬಿ, ಗಟ್ಟಿ ಮಾಡಿ, ಅದರ ಮೇಲೆ ನೆಲ ಹಾಕುತ್ತಾರೆ. ಇಲ್ಲಿಯ ಹಳೆ ಮನೆಗಳಲ್ಲಿ ಹಾಗಲ್ಲ. ಇಟ್ಟಿಗೆ ಕಂಬಗಳು, ಅವುಗಳ ಮೇಲೆ ಮರದ ತೊಲೆ, ಕೆಳಗೆ ತೆವಳಿಕೊಂಡು ಹೋಗುವಷ್ಟು ಜಾಗ, ಅಷ್ಟೇ. ಹಾಗಾಗಿ ಅಲ್ಲಿ ಏನಾಗಿದೆ ಅಂತ ನಮಗೆ ಗೊತ್ತಾಗುವುದೇ ಇಲ್ಲ. ಇದೇ ಆ ಕಂಪನಿಗಳ ಬಂಡವಾಳ.

ನಮ್ಮ ಮನೆ 1926ರದ್ದು. ಬೇಸಿಗೆಯಲ್ಲಿ ಮುಗ್ಗಲು ವಾಸನೆ ಬಂತು, ಒಂದು ಕಂಪನಿಯವರು ಉಚಿತವಾಗಿ ನೋಡುತ್ತೇವೆ ಅಂತ ಬಂದರು. ಕೆಳಗೆ ಹೋದವನು ಸ್ವಲ್ಪ ಹೊತ್ತಿಗೇ ಹೊರಗೆ ಬಂದು, ಟ್ಯಾಬ್ಲೆಟ್‌ನಲ್ಲಿ ಕಪ್ಪು ಬೂಷ್ಟಿನ ಫೋಟೋ ತೋರಿಸಿ, ತೊಲೆ ಕೊಳೆತಿದೆ, ಮಕ್ಕಳ ಉಸಿರಾಟಕ್ಕೆ ತೊಂದರೆ, ಈ ರೇಟು ಇವತ್ತಿಗೆ ಮಾತ್ರ ಅಂದ. ಊರಿಂದ ಬಂದಿದ್ದ ಅಮ್ಮ ಹೆದರಿ ಹೋದರು. ರಿಪೇರಿಗೆ 18,000 ಡಾಲರ್ ಕೊಟ್ಟೆವು.

ಮುಂದಿನ ಮಳೆಗೆ ಅದೇ ವಾಸನೆ! ಆಮೇಲೆ ಕರೆಸಿದ ಸ್ಟ್ರಕ್ಚರಲ್ ಎಂಜಿನಿಯರ್ ಮೂಲೆ ಮೂಲೆಗೂ ತೆವಳಿ, ತೊಲೆಗಳಿಗೆ ಮೀಟರಿನ ಸೂಜಿ ಚುಚ್ಚಿ ತೇವ ಅಳೆದರು. ಮರದಲ್ಲಿ ತೇವ 20 ಶೇಕಡಾ ದಾಟಿ ಹಾಗೇ ಉಳಿದರೆ ಕೊಳೆಯುವ ಭಯ. ನಮ್ಮಲ್ಲಿ ಒಂದು ಮೂಲೆ ಬಿಟ್ಟರೆ ಎಲ್ಲಾ ಅದಕ್ಕಿಂತ ಕಡಿಮೆ. ಆ ಮೂಲೆಯ ಹೊರಗೆ ಮಾಡಿನ ನೀರಿನ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಪೈಪನ್ನು ದೂರಕ್ಕೆ ತಿರುಗಿಸಬೇಕಿತ್ತು, ಅಷ್ಟೇ ಅಲ್ವಾ? ಮೊದಲು ತೋರಿಸಿದ ಫೋಟೋ ನೋಡಿ, ಇದು ನಿಮ್ಮ ಮನೆಯದ್ದೇ ಅಲ್ಲ ಅಂದರು. ಅದರಲ್ಲಿ ಕಾಂಕ್ರೀಟ್ ಬ್ಲಾಕಿನ ಗೋಡೆ ಇತ್ತು, ನಮ್ಮದು ಪೂರ್ತಿ ಇಟ್ಟಿಗೆ.

ನನಗೆ ಇನ್ನೂ ಹೊಟ್ಟೆ ಉರಿಯುವುದು ಕಂಬಗಳನ್ನು ನೋಡಿದಾಗ. ಆ ಕಾಲದ ಮೆತ್ತನೆ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿದ್ದರು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಆ ಕಂಪನಿಯವರು ಸಂದುಗಳಿಗೆಲ್ಲ ಪೋರ್ಟ್‌ಲ್ಯಾಂಡ್ ಸಿಮೆಂಟ್ ಮೆತ್ತಿದರು. ಅದು ಇಟ್ಟಿಗೆಗಿಂತ ಗಟ್ಟಿ, ತೇವ ಒಳಗೇ ಉಳಿದು ಈಗ ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತಿದೆ. ಪ್ಲಾಸ್ಟಿಕ್ ಹಾಳೆಯನ್ನೂ ಗೋಡೆಯ ತುದಿವರೆಗೆ ಅಂಟಿಸಿದ್ದರು. ಗೆದ್ದಲಿನ ಮಣ್ಣಿನ ಜಾಡು ಕಾಣಲಿ ಅಂತ ಮೇಲೆ 3 ಇಂಚು ಬಿಡಬೇಕು, ಅದನ್ನೂ ಬಿಟ್ಟಿರಲಿಲ್ಲ.

ಹೀಗೆ ಪ್ಲಾಸ್ಟಿಕ್ ಹಾಳೆಯಿಂದ ಕ್ರಾಲ್‌ಸ್ಪೇಸ್ ಮುಚ್ಚುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಲ್ಲಿಯ ಬೇಸಿಗೆಯ ಹಸಿ ಗಾಳಿಗೆ, ಸರಿಯಾಗಿ ಮಾಡಿದರೆ, ಅದು ಒಳ್ಳೆಯದೇ. ಆದರೆ ಮೊದಲು ಹೊರಗಿನ ನೀರು ನಿಲ್ಲಬೇಕು.

ನೋಡಲು ಬರುವವರು ರಿಪೇರಿ ಮಾರದವರಾಗಿರಲಿ, ಹಳೆ ಇಟ್ಟಿಗೆ ಕೆಲಸ ಗೊತ್ತಿರುವವರಾಗಿರಲಿ. ಫೀಸು ಕೊಟ್ಟೇ ಕರೆಸಿ. ಯಾವ ತೊಲೆಯಲ್ಲಿ ಎಷ್ಟು ತೇವ ಅಂತ ಬರೆದುಕೊಡಲು ಹೇಳಿ. ಪ್ರತಿ ಫೋಟೋದಲ್ಲೂ ನಿಮ್ಮ ಮನೆಯ ಗುರುತು ಕಾಣಲಿ. ಪಿಂಗಾಣಿ ಗುಂಡಿಗಳ ಮೇಲೆ ಎಳೆದ ಹಳೆಯ ವೈರಿಂಗ್, ಪೈಪಿಗೆ ಸುತ್ತಿದ ಆಸ್ಬೆಸ್ಟಾಸ್ ಇವನ್ನೂ ನೋಡಿಸಿ. ಗೆದ್ದಲಿನ ವರದಿ ಬೇರೆಯೇ ಬೇಕು.

ಈಗಾಗಲೇ ಮನೆಯಲ್ಲಿ ಕೂತು ಸಹಿ ಹಾಕಿದ್ದರೆ ಕರಾರನ್ನು ಇವತ್ತೇ ತೆಗೆದು ನೋಡಿ. ಮನೆಗೆ ಬಂದು ಮಾಡಿದ ಇಂಥ ಮಾರಾಟವನ್ನು 3 ಕೆಲಸದ ದಿನಗಳೊಳಗೆ ರದ್ದು ಮಾಡಲು ಸಾಮಾನ್ಯವಾಗಿ ಅಮೆರಿಕದ ಫೆಡರಲ್ ನಿಯಮದಲ್ಲಿ ಅವಕಾಶ ಇದೆ. ಶನಿವಾರವೂ ಲೆಕ್ಕಕ್ಕೆ ಸೇರುತ್ತದೆ. ಫೋನಿನಲ್ಲಿ ಹೇಳಿ ಸುಮ್ನೆ ಕೂರಬೇಡಿ, ಬರವಣಿಗೆಯಲ್ಲಿ ಸರ್ಟಿಫೈಡ್ ಅಂಚೆಯಲ್ಲೇ ಕಳಿಸಿ.